ಸಣ್ಣ ಕೂಲಿಂಗ್ ಫ್ಯಾನ್ ಎಳೆಯುವ ಕರೆಂಟನ್ನು ಅಳೆಯಲು ಯಾವ ವಿಧಾನ ಸೂಕ್ತ?

12 ವೋಲ್ಟಿನ ಸಣ್ಣ ಫ್ಯಾನಿನ ಹಿಂಬದಿಯ ಚೀಟಿಯಲ್ಲಿ 0.18 ಆಂಪಿಯರ್ ಎಂದು ಅಚ್ಚಾಗಿದ್ದರೆ, ಅದು ಸದಾಕಾಲವೂ 0.18 ಆಂಪಿಯರ್ ಎಳೆಯುತ್ತದೆ ಎಂದು ಭಾವಿಸುವುದು ಸಹಜ. ಮಂಡ್ಯದ ಹಳ್ಳಿಗಳಲ್ಲಿ ನಾಟಿ ಕೋಳಿಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯನ್ನು ತಾವೇ ಕಟ್ಟಿಕೊಳ್ಳುವವರು, ರೇಷ್ಮೆಹುಳು ಸಾಕುವ ಮನೆಯಲ್ಲಿ ಗಾಳಿಯಾಡಲೆಂದು ಸೋಲಾರ್ ಬ್ಯಾಟರಿಗೆ ಫ್ಯಾನ್ ಜೋಡಿಸುವವರು, ಮೈಸೂರಿನಲ್ಲಿ ಇನ್ವರ್ಟರ್ ರಿಪೇರಿ ಮಾಡುವವರು, ಇಂಜಿನಿಯರಿಂಗ್ ಕಾಲೇಜಿನ ಪ್ರಾಜೆಕ್ಟಿಗಾಗಿ ತಲೆ ಕೆಡಿಸಿಕೊಂಡಿರುವ ವಿದ್ಯಾರ್ಥಿಗಳು, ಎಲ್ಲರೂ ಸಾಮಾನ್ಯವಾಗಿ ಆ ಚೀಟಿಯ ಅಂಕಿಯನ್ನೇ ಹಿಡಿದು ಲೆಕ್ಕ ಹಾಕುತ್ತಾರೆ. ಆದರೆ ಬಹುಪಾಲು ಫ್ಯಾನುಗಳ ಚೀಟಿಯಲ್ಲಿರುವುದು ತಯಾರಕರು ಹೇಳುವ ಗರಿಷ್ಠ ಮಿತಿ. ಅದೇ ಫ್ಯಾನ್ ನಿಜವಾಗಿ ಓಡುವಾಗ ಅದರ ಅರ್ಧದಷ್ಟನ್ನು ಮಾತ್ರ ಎಳೆಯುತ್ತಿರಬಹುದು.

ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದಕ್ಕೆ ಒಂದು ಲೆಕ್ಕ ನೋಡೋಣ. 12 ವೋಲ್ಟಿನ 7 ಆಂಪಿಯರ್-ಅವರ್ ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧದವರೆಗೆ ಮಾತ್ರ ಖಾಲಿ ಮಾಡುವುದು ಅದರ ಆಯುಸ್ಸಿಗೆ ಒಳ್ಳೆಯದು. ಅಂದರೆ ನಮ್ಮ ಬಳಕೆಗೆ ಸಿಗುವುದು 3.5 ಆಂಪಿಯರ್-ಅವರ್. ಚೀಟಿಯ 0.18 ಆಂಪಿಯರನ್ನು ನಂಬಿದರೆ ಫ್ಯಾನ್ ಸುಮಾರು 19 ಗಂಟೆ ಓಡಬೇಕು. ಅದು ನಿಜಕ್ಕೂ 85 ಮಿಲಿಆಂಪಿಯರ್ ಎಳೆಯುವುದಾದರೆ 41 ಗಂಟೆ ಓಡುತ್ತದೆ. ಅಳೆಯದೆ ಬ್ಯಾಟರಿ ಕೊಂಡವರು ಬೇಕಾದ್ದಕ್ಕಿಂತ ಎರಡು ಪಟ್ಟು ದೊಡ್ಡದನ್ನು ಕೊಂಡಿರುತ್ತಾರೆ.

ಅಳೆಯುವ ದಾರಿಗಳು ಹಲವು. ಆರಿಸಿಕೊಳ್ಳುವ ಮುನ್ನ ನಮಗೆ ಬೇಕಾಗಿರುವ ಉತ್ತರ ಯಾವುದೆಂದು ಸ್ಪಷ್ಟಪಡಿಸಿಕೊಳ್ಳಬೇಕು. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂದು ತಿಳಿಯಬೇಕಾದರೆ ಬೇಕಾಗುವುದು ಸರಾಸರಿ ಪ್ರವಾಹ, ಅಂದರೆ ಸರಾಸರಿ ಕರೆಂಟ್. ಅಡಾಪ್ಟರ್ ಅಥವಾ ರೆಗ್ಯುಲೇಟರ್ ಆರಿಸಬೇಕಾದರೆ ಬೇಕಾಗುವುದು ಫ್ಯಾನ್ ಹೊರಡುವ ಗಳಿಗೆಯ ಪ್ರವಾಹ. ಹಳೆಯ ಫ್ಯಾನಿನ ಬೇರಿಂಗ್ ಬಿಗಿಯಾಗುತ್ತಿದೆಯೇ ಎಂದು ತಿಳಿಯಲು ಹೊಸದಾಗಿದ್ದಾಗಿನ ಅಂಕಿಯೊಡನೆ ಈಗಿನದನ್ನು ಹೋಲಿಸಬೇಕು. ಈ ಮೂರಕ್ಕೂ ಒಂದೇ ಉಪಕರಣ ಸಮನಾಗಿ ಒದಗುವುದಿಲ್ಲ.

ಫ್ಯಾನಿನ ಪ್ರವಾಹ ಸಮತಟ್ಟಾಗಿರುವುದಿಲ್ಲ

ಈ ಫ್ಯಾನುಗಳು ಡಿಸಿ ವಿದ್ಯುತ್ತಿನಲ್ಲಿ ಓಡುತ್ತವೆಯಾದರೂ ಅವು ಎಳೆಯುವ ಪ್ರವಾಹ ಬಲ್ಬಿನ ಪ್ರವಾಹದಂತೆ ಸ್ಥಿರವಾಗಿರುವುದಿಲ್ಲ. ಒಳಗಿರುವುದು ಬ್ರಷ್ ಇಲ್ಲದ ಮೋಟಾರು. ರೆಕ್ಕೆಗಳ ಬಟ್ಟಲಿನೊಳಗೆ ಶಾಶ್ವತ ಅಯಸ್ಕಾಂತದ ಉಂಗುರ ಇರುತ್ತದೆ. ಅದು ತಿರುಗುತ್ತಿದ್ದಂತೆ ಹಾಲ್ ಸೆನ್ಸರ್ ಅದರ ಧ್ರುವಗಳನ್ನು ಗುರುತಿಸಿ, ಪುಟ್ಟ ಐಸಿಯೊಂದರ ಮೂಲಕ ಸುರುಳಿಗಳಿಗೆ ಹೋಗುವ ವಿದ್ಯುತ್ತನ್ನು ಬದಲಿಸುತ್ತಿರುತ್ತದೆ. ಸಾಮಾನ್ಯವಾದ ನಾಲ್ಕು ಧ್ರುವದ ಫ್ಯಾನಿನಲ್ಲಿ ಒಂದು ಸುತ್ತಿಗೆ ನಾಲ್ಕು ಬಾರಿ ಈ ಬದಲಾವಣೆ ಆಗುತ್ತದೆ. ನಿಮಿಷಕ್ಕೆ 2400 ಸುತ್ತು ತಿರುಗುವ ಫ್ಯಾನೆಂದರೆ ಸೆಕೆಂಡಿಗೆ 40 ಸುತ್ತು. ಆದ್ದರಿಂದ ಅದರ ಪ್ರವಾಹ ಸೆಕೆಂಡಿಗೆ 160 ಬಾರಿ ಏರಿ ಇಳಿಯುತ್ತದೆ. ಮೀಟರಿನ ಕೊನೆಯ ಅಂಕಿಗಳು ಒಂದೆಡೆ ನಿಲ್ಲದೆ ಕುಣಿಯುವುದಕ್ಕೆ ಕಾರಣ ಇದೇ ಹೊರತು ಮೀಟರ್ ಕೆಟ್ಟಿರುವುದಲ್ಲ.

ಏರಿಳಿತ ಇದೆ ಎಂದ ಕೂಡಲೇ ಏರಿಳಿಯುವ ವಿದ್ಯುತ್ತಿನ ಪರಿಣಾಮಕಾರಿ ಮೌಲ್ಯವನ್ನು ತೋರಿಸುವ ದುಬಾರಿಯಾದ ಟ್ರೂ ಆರ್‌ಎಂಎಸ್ ಮೀಟರೇ ಬೇಕೆಂದು ಅಂಗಡಿಯವರು ಹೇಳುವುದುಂಟು. ಈ ಕೆಲಸಕ್ಕೆ ಅದರ ಅಗತ್ಯವಿಲ್ಲ. ವೋಲ್ಟೇಜ್ ಸ್ಥಿರವಾಗಿರುವಾಗ ಫ್ಯಾನ್ ಬಳಸುವ ಶಕ್ತಿಯೆಂದರೆ ವೋಲ್ಟೇಜನ್ನು ಸರಾಸರಿ ಪ್ರವಾಹದಿಂದ ಗುಣಿಸಿದಷ್ಟು, ಬ್ಯಾಟರಿ ಖಾಲಿಯಾಗುವುದೂ ಸರಾಸರಿ ಪ್ರವಾಹಕ್ಕೆ ತಕ್ಕಂತೆಯೇ. ಸಾಮಾನ್ಯ ಮೀಟರಿನ ಡಿಸಿ ವಿಭಾಗ ತೋರಿಸುವುದು ಆ ಸರಾಸರಿಯನ್ನೇ.

ಮಲ್ಟಿಮೀಟರನ್ನು ಸರಣಿಯಲ್ಲಿ ಸೇರಿಸುವುದು

ಎಲ್ಲರಿಗೂ ಮೊದಲು ತೋಚುವ ದಾರಿ ಇದು. ಫ್ಯಾನಿನ ಒಂದು ವೈರನ್ನು ಬಿಡಿಸಿ, ಆ ಎರಡು ತುದಿಗಳ ನಡುವೆ ಮೀಟರನ್ನು ಕೂರಿಸುವುದು. ಹಳದಿ ಬಣ್ಣದ ಅಗ್ಗದ ಮೀಟರ್ ಬಹುತೇಕ ಪ್ರತಿಯೊಬ್ಬ ಎಲೆಕ್ಟ್ರಿಷಿಯನ್ನರ ಚೀಲದಲ್ಲಿಯೂ ಇರುವುದರಿಂದ ಇದಕ್ಕೆ ಹೊಸ ಖರ್ಚೇನೂ ಇಲ್ಲ. ಆದರೆ ಆ ಮೀಟರಿನಲ್ಲಿ ಎರಡು ವ್ಯಾಪ್ತಿಗಳ ನಡುವೆ ಸಿಕ್ಕಿಕೊಳ್ಳುತ್ತೇವೆ.

10 ಆಂಪಿಯರಿನ ಸಾಕೆಟ್ಟಿನಲ್ಲಿ ಅಳೆದರೆ ಫ್ಯೂಸ್ ಹೋಗುವ ಚಿಂತೆಯಿಲ್ಲ, ಆದರೆ ಅದು ತೋರಿಸುವ ಅತಿ ಸಣ್ಣ ಹೆಜ್ಜೆಯೇ 10 ಮಿಲಿಆಂಪಿಯರ್. 85 ಮಿಲಿಆಂಪಿಯರ್ ಎಳೆಯುವ ಫ್ಯಾನಿಗೆ ಪರದೆಯ ಮೇಲೆ 0.08 ಅಥವಾ 0.09 ಎಂದು ಬರುತ್ತದೆ. ಒಂದು ಅಂಕಿ ಆಚೀಚೆ ಆದರೂ ಶೇಕಡ 12ರಷ್ಟು ವ್ಯತ್ಯಾಸ. ಫ್ಯಾನ್ ವಿದ್ಯುತ್ತನ್ನು ಎಳೆಯುತ್ತಿದೆಯೋ ಇಲ್ಲವೋ ಎಂದು ನೋಡುವುದಕ್ಕೆ ಇದು ಸಾಕು, ಲೆಕ್ಕಕ್ಕೆ ಸಾಲದು.

200 ಮಿಲಿಆಂಪಿಯರಿನ ವ್ಯಾಪ್ತಿಗೆ ಬಂದರೆ 0.1 ಮಿಲಿಆಂಪಿಯರಿನವರೆಗೂ ಓದಬಹುದು. ಇಲ್ಲಿ ತೊಂದರೆ ಫ್ಯೂಸಿನದು. ನಿಂತಿರುವ ಫ್ಯಾನ್ ಹೊರಡುವಾಗ ಓಡುವಾಗಿನದಕ್ಕಿಂತ ಎರಡು ಮೂರು ಪಟ್ಟು ಪ್ರವಾಹ ಎಳೆಯಬಹುದಾದ್ದರಿಂದ ಆ ಸಣ್ಣ ಫ್ಯೂಸ್ ಹೋಗುವ ಸಾಧ್ಯತೆ ಇದೆ. ಇದನ್ನು ತಪ್ಪಿಸಲು ಸುಲಭವಾದ ಉಪಾಯವೊಂದಿದೆ. ಮೀಟರಿನ ಎರಡೂ ಪ್ರೋಬುಗಳ ನಡುವೆ ಕ್ರೊಕೊಡೈಲ್ ಕ್ಲಿಪ್ ಇರುವ ಒಂದು ತುಂಡು ವೈರನ್ನು ಅಡ್ಡಲಾಗಿ ಹಾಕಿ ಫ್ಯಾನ್ ಆನ್ ಮಾಡಬೇಕು. ಅದು ಪೂರ್ಣ ವೇಗಕ್ಕೆ ಬಂದ ಮೇಲೆ ಆ ಅಡ್ಡ ವೈರನ್ನು ತೆಗೆದರೆ ಪ್ರವಾಹ ಮೀಟರಿನ ಮೂಲಕ ಹರಿಯತೊಡಗುತ್ತದೆ. ಹೊರಡುವ ಗಳಿಗೆಯ ಹೊಡೆತ ಮೀಟರಿಗೆ ತಾಗುವುದೇ ಇಲ್ಲ.

ಅಗ್ಗದ ಮೀಟರುಗಳ 10 ಆಂಪಿಯರ್ ಸಾಕೆಟ್ಟಿಗೆ ಬಹುಮಟ್ಟಿಗೆ ಫ್ಯೂಸ್ ಇರುವುದಿಲ್ಲ ಎಂಬುದನ್ನು ಗಮನದಲ್ಲಿಡಬೇಕು. ಪ್ರವಾಹ ಅಳೆದಾದ ಮೇಲೆ ಕೆಂಪು ವೈರನ್ನು ಅದೇ ಸಾಕೆಟ್ಟಿನಲ್ಲಿ ಬಿಟ್ಟು, ವೋಲ್ಟೇಜ್ ನೋಡಲೆಂದು ಬ್ಯಾಟರಿಯ ಎರಡು ಟರ್ಮಿನಲ್‌ಗಳಿಗೆ ಪ್ರೋಬ್ ಇಟ್ಟರೆ ಅದು ನೇರ ಶಾರ್ಟ್. ಲೆಡ್ ಆಸಿಡ್ ಬ್ಯಾಟರಿಯಿಂದ ಆಗ ಹರಿಯುವ ಪ್ರವಾಹಕ್ಕೆ ಪ್ರೋಬಿನ ವೈರು ಕರಗಿ ಕೈ ಸುಡುತ್ತದೆ. ಅಳೆದ ಕೂಡಲೇ ಕೆಂಪು ವೈರನ್ನು ವೋಲ್ಟ್ ಸಾಕೆಟ್ಟಿಗೆ ಹಿಂದಿರುಗಿಸುವುದನ್ನು ಕೈಯ ಅಭ್ಯಾಸ ಮಾಡಿಕೊಳ್ಳಬೇಕು.

ಒಂದು ಓಮ್ ರೆಸಿಸ್ಟರ್: ನನ್ನ ಮೊದಲ ಆಯ್ಕೆ

ಅದೇ ಅಗ್ಗದ ಮೀಟರನ್ನು ಇಟ್ಟುಕೊಂಡು ಇನ್ನೂ ಸುರಕ್ಷಿತವಾಗಿ, ಇನ್ನೂ ನಿಖರವಾಗಿ ಅಳೆಯುವ ದಾರಿಯೆಂದರೆ ಫ್ಯಾನಿನ ನೆಗೆಟಿವ್ ವೈರಿನಲ್ಲಿ 1 ಓಮ್ ರೆಸಿಸ್ಟರನ್ನು ಸರಣಿಯಲ್ಲಿ ಸೇರಿಸಿ, ಅದರ ಎರಡು ತುದಿಗಳ ನಡುವಿನ ವೋಲ್ಟೇಜನ್ನು ಮಿಲಿವೋಲ್ಟಿನಲ್ಲಿ ಓದುವುದು. 1 ಓಮ್ ಆದ್ದರಿಂದ ಎಷ್ಟು ಮಿಲಿವೋಲ್ಟ್ ತೋರುತ್ತದೆಯೋ ಅಷ್ಟೇ ಮಿಲಿಆಂಪಿಯರ್. ಗುಣಾಕಾರ ಭಾಗಾಕಾರ ಏನೂ ಬೇಡ. ಮೀಟರಿನ 200 ಮಿಲಿವೋಲ್ಟ್ ವ್ಯಾಪ್ತಿಯಲ್ಲಿ 0.1 ಮಿಲಿವೋಲ್ಟ್ ಕಾಣುವುದರಿಂದ 0.1 ಮಿಲಿಆಂಪಿಯರ್ ಕಂಡಂತಾಯಿತು. ಫ್ಯಾನಿನ ಪ್ರವಾಹ ಮೀಟರಿನ ಫ್ಯೂಸಿನ ಮೂಲಕ ಹಾಯುವುದಿಲ್ಲವಾದ್ದರಿಂದ ಫ್ಯೂಸ್ ಹೋಗುವ ಪ್ರಶ್ನೆಯೇ ಇಲ್ಲ. ಕೆಂಪು ವೈರು ವೋಲ್ಟ್ ಸಾಕೆಟ್ಟಿನಲ್ಲೇ ಇರುವುದರಿಂದ ಶಾರ್ಟ್ ಆಗುವ ಭಯವೂ ಇಲ್ಲ.

ಅಂಗಡಿಯಲ್ಲಿ ಶೇಕಡ 1ರ ನಿಖರತೆಯ ಮೆಟಲ್ ಫಿಲ್ಮ್ ರೆಸಿಸ್ಟರನ್ನೇ ಕೇಳಿ ತೆಗೆದುಕೊಳ್ಳಬೇಕು. ಐದು ಪಟ್ಟಿಗಳಲ್ಲಿ ಕಂದು, ಕಪ್ಪು, ಕಪ್ಪು, ಬೆಳ್ಳಿ, ಕೊನೆಗೆ ಮತ್ತೆ ಕಂದು ಬಣ್ಣ ಇದ್ದರೆ ಅದು 1 ಓಮ್, ಶೇಕಡ 1. ಕಂದು, ಕಪ್ಪು, ಚಿನ್ನ, ಚಿನ್ನ ಎಂದು ನಾಲ್ಕೇ ಪಟ್ಟಿ ಇದ್ದರೆ ಅದೂ 1 ಓಮೇ, ಆದರೆ ಶೇಕಡ 5ರದ್ದು. 1 ಓಮ್ ಸಿಗದಿದ್ದರೆ 10 ಓಮಿನ ಹತ್ತು ರೆಸಿಸ್ಟರುಗಳನ್ನು ಪಕ್ಕಪಕ್ಕ ಹಿಡಿದು ಎರಡೂ ತುದಿಗಳನ್ನು ಒಟ್ಟಿಗೆ ಬೆಸೆದರೂ 1 ಓಮ್ ಆಗುತ್ತದೆ. ಬೆಲೆ ಲೆಕ್ಕಕ್ಕೆ ತೆಗೆದುಕೊಳ್ಳುವಷ್ಟು ದೊಡ್ಡದಲ್ಲ. 0.15 ಆಂಪಿಯರ್ ಹರಿದರೂ ಅದರಲ್ಲಿ ಬಿಸಿಯಾಗಿ ಹೋಗುವುದು 0.0225 ವ್ಯಾಟ್ ಮಾತ್ರವಾದ್ದರಿಂದ ಕಾಲು ವ್ಯಾಟಿನದು ಸಾಕು.

ಪ್ರೋಬನ್ನು ಎಲ್ಲಿ ಇಡುತ್ತೇವೆ ಎಂಬುದರ ಮೇಲೆ ಅಳತೆಯ ನಿಖರತೆ ನಿಂತಿದೆ. ರೆಸಿಸ್ಟರನ್ನು ಕನೆಕ್ಟರ್ ಸ್ಟ್ರಿಪ್ಪಿನ ಎರಡು ಸ್ಕ್ರೂಗಳ ನಡುವೆ ಬಿಗಿದು, ಪ್ರೋಬುಗಳನ್ನು ಆ ಸ್ಕ್ರೂಗಳ ತಲೆಯ ಮೇಲೆ ಇಟ್ಟರೆ ಸ್ಕ್ರೂವಿನ ಸಂಪರ್ಕದ ಪ್ರತಿರೋಧವೂ ಅಳತೆಯೊಳಗೆ ಸೇರಿಬಿಡುತ್ತದೆ. ಒಂದು ಓಮಿನ ಮುಂದೆ ಅದು ಸಣ್ಣದಲ್ಲ. ಸಡಿಲವಾದ ಸ್ಕ್ರೂ ಒಂದೇ ಹಲವು ಮಿಲಿವೋಲ್ಟುಗಳನ್ನು ಸೇರಿಸಬಲ್ಲದು. ಪ್ರೋಬಿನ ಮೊನೆ ರೆಸಿಸ್ಟರಿನ ತಂತಿ ಅದರ ಮೈಯೊಳಗೆ ಹೊಗುವ ಜಾಗದಲ್ಲಿ, ಬಣ್ಣದ ಮೈಗೆ ಅಂಟಿದಂತೆ ಇರಬೇಕು. ಸ್ಕ್ರೂ ಎಷ್ಟೇ ಸಡಿಲವಿದ್ದರೂ ಆಗ ಓದುವ ಮಿಲಿವೋಲ್ಟಿನಲ್ಲಿ ಅದರ ಪಾಲು ಇರುವುದಿಲ್ಲ.

ಅಂಕಿಗಳು ಬಹಳ ಕುಣಿಯುತ್ತಿದ್ದರೆ, ರೆಸಿಸ್ಟರಿನ ಒಂದು ತುದಿಯಿಂದ ಮೀಟರಿಗೆ ಹೋಗುವ ದಾರಿಯಲ್ಲಿ 1 ಕಿಲೋಓಮ್ ರೆಸಿಸ್ಟರನ್ನು ಹಾಕಿ, ಮೀಟರಿನ ಎರಡು ಪ್ರೋಬುಗಳ ನಡುವೆ 1000 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಪೋಲಾರಿಟಿ ನೋಡಿ ಸೇರಿಸಬಹುದು. ಐದಾರು ಸೆಕೆಂಡು ಕಾದರೆ ಅಂಕಿ ನೆಲೆ ನಿಲ್ಲುತ್ತದೆ. ಇಲ್ಲಿ 1 ಕಿಲೋಓಮಿಗೆ ಬದಲು 10 ಕಿಲೋಓಮ್ ಹಾಕುವ ಆಸೆ ಬೇಡ. ಅಗ್ಗದ ಮೀಟರಿನ ಒಳಪ್ರತಿರೋಧ 1 ಮೆಗಾಓಮ್ ಮಾತ್ರ ಇರುವುದರಿಂದ 10 ಕಿಲೋಓಮಿಗೆ ಓದು ಶೇಕಡ 1ರಷ್ಟು ಕಡಿಮೆಯಾಗುತ್ತದೆ.

ರೆಸಿಸ್ಟರ್ ಸೇರಿಸಿದ್ದರಿಂದ ಫ್ಯಾನಿಗೇ ವೋಲ್ಟೇಜ್ ಕಡಿಮೆಯಾಗುವುದಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. 85 ಮಿಲಿಆಂಪಿಯರಿಗೆ ಕಡಿಮೆಯಾಗುವುದು 85 ಮಿಲಿವೋಲ್ಟ್, 12 ವೋಲ್ಟಿನಲ್ಲಿ ಶೇಕಡ 0.7. ಚಿಂತೆಯಿಲ್ಲ. ಆದರೆ 5 ವೋಲ್ಟಿನ ಫ್ಯಾನ್ 200 ಮಿಲಿಆಂಪಿಯರ್ ಎಳೆಯುವುದಾದರೆ 0.2 ವೋಲ್ಟ್, ಅಂದರೆ ಶೇಕಡ 4ರಷ್ಟು ಕಡಿತವಾಗಿ ಫ್ಯಾನಿನ ವೇಗವೇ ತಗ್ಗುತ್ತದೆ. ಅಂಥ ಕಡೆ 0.1 ಓಮ್ ಬಳಸಿ, ಬಂದ ಮಿಲಿವೋಲ್ಟನ್ನು ಹತ್ತರಿಂದ ಗುಣಿಸಬೇಕು.

ವೈರು ಕತ್ತರಿಸಲು ಆಗದಿದ್ದಾಗ

ಇನ್ವರ್ಟರಿನ ಒಳಗೆ ಈಗಾಗಲೇ ಕೂರಿಸಿರುವ ಫ್ಯಾನಿನ ವೈರನ್ನು ಬಿಡಿಸುವುದು ಕಷ್ಟವಾದಾಗ ಕ್ಲ್ಯಾಂಪ್ ಮೀಟರ್ ನೆನಪಾಗುತ್ತದೆ. ಆದರೆ ಮನೆ ವೈರಿಂಗ್ ಮಾಡುವವರ ಬಳಿ ಇರುವ ಸಾಮಾನ್ಯ ಕ್ಲ್ಯಾಂಪ್ ಮೀಟರ್ ಟ್ರಾನ್ಸ್‌ಫಾರ್ಮರಿನ ತತ್ವದಲ್ಲಿ ಕೆಲಸ ಮಾಡುವುದರಿಂದ ಎಸಿಯನ್ನು ಮಾತ್ರ ಅಳೆಯುತ್ತದೆ. ಡಿಸಿ ಫ್ಯಾನಿಗೆ ಬೇಕಾಗುವುದು ದವಡೆಯಲ್ಲಿ ಹಾಲ್ ಸೆನ್ಸರ್ ಇರುವ ಡಿಸಿ ಕ್ಲ್ಯಾಂಪ್. ಯುನಿ-ಟಿ ಕಂಪನಿಯ ಯುಟಿ210ಇ ಮಾದರಿಯಲ್ಲಿ 2 ಆಂಪಿಯರಿನ ಡಿಸಿ ವ್ಯಾಪ್ತಿಯಿದ್ದು 1 ಮಿಲಿಆಂಪಿಯರಿನವರೆಗೆ ಓದಬಹುದು. ಹಲವು ನೂರು ಆಂಪಿಯರಿಗೆಂದು ಮಾಡಿದ ದೊಡ್ಡ ಕ್ಲ್ಯಾಂಪುಗಳು ಈ ಕೆಲಸಕ್ಕೆ ಬರುವುದಿಲ್ಲ.

1 ಮಿಲಿಆಂಪಿಯರ್ ಕಾಣುತ್ತದೆ ಎಂದ ಮಾತ್ರಕ್ಕೆ ಅದು ಅಷ್ಟು ನಿಖರ ಎಂದರ್ಥವಲ್ಲ. ದವಡೆಯ ದಿಕ್ಕು ಬದಲಿಸಿದರೆ ಭೂಮಿಯ ಕಾಂತಕ್ಷೇತ್ರವೇ ಓದನ್ನು ಸ್ವಲ್ಪ ಜರುಗಿಸುತ್ತದೆ. ಆದ್ದರಿಂದ ಅಳೆಯುವ ಜಾಗದಲ್ಲಿಯೇ, ಅಳೆಯುವ ಭಂಗಿಯಲ್ಲಿಯೇ ಹಿಡಿದು ಮೊದಲು ಸೊನ್ನೆ ಮಾಡಿಕೊಳ್ಳಬೇಕು. ಫ್ಯಾನಿನ ಒಳಗೇ ಅಯಸ್ಕಾಂತ ಇರುವುದರಿಂದ ಕ್ಲ್ಯಾಂಪನ್ನು ಫ್ಯಾನಿನಿಂದ ಒಂದು ಗೇಣಾದರೂ ದೂರ ಇಡಬೇಕು. ವೈರು ಉದ್ದವಾಗಿದ್ದರೆ ಅದನ್ನು ದವಡೆಯೊಳಗೆ ಹತ್ತು ಸುತ್ತು ಸುತ್ತಿ ಓದನ್ನು ಹತ್ತರಿಂದ ಭಾಗಿಸಿದರೆ ನಿಖರತೆ ಬಹಳ ಸುಧಾರಿಸುತ್ತದೆ: 85 ಮಿಲಿಆಂಪಿಯರ್ ಆಗ 0.850 ಎಂದು ಕಾಣುತ್ತದೆ. ಸುತ್ತುವುದು ಒಂದೇ ವೈರನ್ನು. ಎರಡನ್ನೂ ಸೇರಿಸಿ ಹಾಕಿದರೆ ಹೋಗುವ ಪ್ರವಾಹವೂ ಬರುವ ಪ್ರವಾಹವೂ ಒಂದನ್ನೊಂದು ಅಳಿಸಿ ಸೊನ್ನೆ ಬರುತ್ತದೆ. ಬೆಲೆ ಸಾವಿರಗಳಲ್ಲಿ ಇರುವುದರಿಂದ, ರಿಪೇರಿಯನ್ನೇ ವೃತ್ತಿಯಾಗಿ ಮಾಡುವವರಿಗೆ ಮಾತ್ರ ಇದನ್ನು ಕೊಳ್ಳಲು ಹೇಳುತ್ತೇನೆ.

ಬೆಂಚ್ ಪವರ್ ಸಪ್ಲೈ ಮತ್ತು ಯುಎಸ್‌ಬಿ ಟೆಸ್ಟರ್

ವೋಲ್ಟೇಜನ್ನೂ ಪ್ರವಾಹದ ಮಿತಿಯನ್ನೂ ಬೇಕಾದಂತೆ ಹೊಂದಿಸಬಹುದಾದ ಬೆಂಚ್ ಪವರ್ ಸಪ್ಲೈನ ಪರದೆಯಲ್ಲಿ ಕಾಣುವ ಪ್ರವಾಹ ಬಹುತೇಕ 10 ಮಿಲಿಆಂಪಿಯರಿನ ಹೆಜ್ಜೆಯಲ್ಲಿ ಇರುತ್ತದೆ. ಆ ದೃಷ್ಟಿಯಿಂದ ಅದು ಮಲ್ಟಿಮೀಟರಿನ 10 ಆಂಪಿಯರ್ ವ್ಯಾಪ್ತಿಗಿಂತ ಮೇಲಲ್ಲ. ಆದರೆ ಅದರ ಕರೆಂಟ್ ಲಿಮಿಟ್ ಗುಂಡಿಯಿಂದ ಬೇರೊಂದು ಮುಖ್ಯ ಕೆಲಸ ಆಗುತ್ತದೆ. 12 ವೋಲ್ಟಿಗೆ ಹೊಂದಿಸಿ, ಮಿತಿಯನ್ನು ಸ್ವಲ್ಪಸ್ವಲ್ಪವಾಗಿ ಇಳಿಸುತ್ತಾ ಪ್ರತಿ ಬಾರಿಯೂ ಫ್ಯಾನನ್ನು ನಿಂತ ಸ್ಥಿತಿಯಿಂದ ಹೊರಡಿಸಿ ನೋಡಬೇಕು. ಯಾವ ಮಿತಿಯವರೆಗೆ ಅದು ತಡವರಿಸದೆ ಹೊರಡುತ್ತದೆಯೋ ಅದೇ ಅಡಾಪ್ಟರ್ ಆರಿಸಲು ಬೇಕಾದ ಅಂಕಿ. ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಇಲ್ಲದವರಿಗೆ ಹೊರಡುವ ಪ್ರವಾಹದ ಬಗ್ಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗುವುದಿಲ್ಲ.

5 ವೋಲ್ಟಿನ ಯುಎಸ್‌ಬಿ ಫ್ಯಾನಿಗೆ ನಡುವೆ ಸಿಕ್ಕಿಸುವ ಯುಎಸ್‌ಬಿ ಟೆಸ್ಟರ್ ಸಾಕು. ವೋಲ್ಟೇಜ್, ಪ್ರವಾಹ ಎರಡನ್ನೂ ಒಟ್ಟಿಗೆ ತೋರಿಸುವುದು ಅದರ ಅನುಕೂಲ.

ದಿನಗಟ್ಟಲೆ ದಾಖಲಿಸಬೇಕಾದರೆ

ಕಾವುಪೆಟ್ಟಿಗೆಯಲ್ಲಿ ಮೊಟ್ಟೆ ಮರಿಯಾಗಲು 21 ದಿನ ಬೇಕು, ಅಷ್ಟು ದಿನವೂ ಫ್ಯಾನ್ ನಿಲ್ಲಬಾರದು. ನಿಂತರೆ ಬಲ್ಬಿನ ಹತ್ತಿರದ ಮೊಟ್ಟೆಗಳು ಅತಿಯಾಗಿ ಕಾದು, ಮೂಲೆಯವು ತಣ್ಣಗಾಗುತ್ತವೆ. ಹೀಗೆ ನಿರಂತರ ನಿಗಾ ಬೇಕಾದ ಕಡೆ ನಾವೇ ಕೋಡ್ ಬರೆದು ನಡೆಸುವ ಆರ್ಡುಯಿನೋದಂಥ ಪುಟ್ಟ ಬೋರ್ಡಿಗೆ ಸೇರಿಸುವ ಮಾಡ್ಯೂಲುಗಳು ಉಪಯುಕ್ತ. ಸುಲಭವಾಗಿ ಸಿಗುವುದು ಎರಡು, ಅವುಗಳಲ್ಲಿ ಆಯ್ಕೆ ಕಷ್ಟವಲ್ಲ.

ಎಸಿಎಸ್712 ಮಾಡ್ಯೂಲಿನ 5 ಆಂಪಿಯರ್ ಮಾದರಿ ಒಂದು ಆಂಪಿಯರಿಗೆ 185 ಮಿಲಿವೋಲ್ಟ್ ಕೊಡುತ್ತದೆ. ಆರ್ಡುಯಿನೋ ಊನೋ ಬೋರ್ಡ್ 5 ವೋಲ್ಟನ್ನು 1024 ಹೆಜ್ಜೆಗಳಾಗಿ ಓದುವುದರಿಂದ ಒಂದು ಹೆಜ್ಜೆ ಸುಮಾರು 4.9 ಮಿಲಿವೋಲ್ಟ್, ಅಂದರೆ 26 ಮಿಲಿಆಂಪಿಯರ್. 85 ಮಿಲಿಆಂಪಿಯರಿನ ಫ್ಯಾನ್ ಮೂರೇ ಹೆಜ್ಜೆಯಲ್ಲಿ ಮುಗಿದುಹೋಗುತ್ತದೆ. ವಿದ್ಯಾರ್ಥಿಗಳು ಅಗ್ಗವೆಂದು ಇದನ್ನು ಕೊಂಡು ವಾರಗಟ್ಟಲೆ ಕೋಡ್ ತಿದ್ದುತ್ತಾ ಕೂರುವುದನ್ನು ನೋಡಿದರೆ ಬೇಸರವಾಗುತ್ತದೆ. ತಪ್ಪು ಅವರ ಕೋಡಿನಲ್ಲಿ ಇರುವುದಿಲ್ಲ.

ಐಎನ್‌ಎ219 ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಅದರ ಮೇಲೆ ಪ್ರವಾಹ ಅಳೆಯುವ 0.1 ಓಮ್ ಷಂಟ್ ರೆಸಿಸ್ಟರ್ ಕೂತೇ ಬಂದಿರುತ್ತದೆ, 26 ವೋಲ್ಟಿನವರೆಗೆ ಪಾಸಿಟಿವ್ ವೈರಿನಲ್ಲಿಯೇ ಅಳೆಯಬಹುದು. 400 ಮಿಲಿಆಂಪಿಯರಿನ ವ್ಯಾಪ್ತಿಗೆ ಹೊಂದಿಸಿದರೆ 0.1 ಮಿಲಿಆಂಪಿಯರ್ ಹೆಜ್ಜೆಯಲ್ಲಿ ಓದುತ್ತದೆ. ಒಂದು ಹೊಂದಾಣಿಕೆಯನ್ನು ಮಾತ್ರ ಮರೆಯಬಾರದು. ಸಾಮಾನ್ಯವಾಗಿ ಅದು ಅರ್ಧ ಮಿಲಿಸೆಕೆಂಡಿನ ಒಂದೇ ಮಾದರಿ ತೆಗೆದುಕೊಳ್ಳುತ್ತದೆ. ಸೆಕೆಂಡಿಗೆ 160 ಬಾರಿ ಏರಿಳಿಯುವ ಪ್ರವಾಹದಲ್ಲಿ ಅದು ಒಮ್ಮೆ ಏರಿನಲ್ಲಿ, ಒಮ್ಮೆ ಇಳಿವಿನಲ್ಲಿ ಸಿಕ್ಕಿ ಅಂಕಿಗಳು ದಿಕ್ಕಾಪಾಲಾಗುತ್ತವೆ. 128 ಮಾದರಿಗಳ ಸರಾಸರಿ ತೆಗೆಯುವಂತೆ ಹೊಂದಿಸಿದರೆ ಒಂದು ಓದಿಗೆ 68 ಮಿಲಿಸೆಕೆಂಡ್ ಹಿಡಿಯುತ್ತದೆ. ಅಷ್ಟರಲ್ಲಿ ಸುಮಾರು ಹನ್ನೊಂದು ಏರಿಳಿತಗಳು ಕಳೆದಿರುವುದರಿಂದ ಸರಾಸರಿ ಸ್ಥಿರವಾಗಿರುತ್ತದೆ.

ಫ್ಯಾನ್ ನಿಂತಾಗ ಅಲಾರಂ ಹೊಡೆಯಬೇಕು ಎಂಬುದಷ್ಟೇ ಉದ್ದೇಶವಾಗಿದ್ದರೆ ಪ್ರವಾಹವನ್ನು ನೆಚ್ಚಿಕೊಳ್ಳದಿರುವುದು ಮೇಲು. ರೆಕ್ಕೆ ಸಿಕ್ಕಿ ನಿಂತ ಫ್ಯಾನ್ ತನ್ನ ಸುರುಳಿ ಸುಡದಂತೆ ಪ್ರವಾಹ ಕಡಿದುಕೊಂಡು, ಕೆಲವು ಸೆಕೆಂಡಿಗೊಮ್ಮೆ ಮತ್ತೆ ಹೊರಡಲು ಯತ್ನಿಸುತ್ತದೆ. ಅದರ ಪ್ರವಾಹ ಆಗ ಒಮ್ಮೆ ಸೊನ್ನೆಯ ಬಳಿ, ಒಮ್ಮೆ ಎಂದಿಗಿಂತ ಹೆಚ್ಚು. ಮೂರು ವೈರಿನ ಫ್ಯಾನ್ ಕೊಂಡರೆ ಮೂರನೆಯ ವೈರು ಪ್ರತಿ ಸುತ್ತಿಗೆ ಎರಡು ಪಲ್ಸ್ ಕೊಡುತ್ತದೆ. ಫ್ಯಾನ್ ತಿರುಗುತ್ತಿದೆಯೇ ಎಂಬ ಪ್ರಶ್ನೆಗೆ ನೇರವಾದ ಉತ್ತರ ಅದೇ.

ಆಸಿಲೋಸ್ಕೋಪ್

ಕಾಲೇಜಿನ ಪ್ರಯೋಗಾಲಯದಲ್ಲಿ ಆಸಿಲೋಸ್ಕೋಪ್ ಇದ್ದರೆ ಅದೇ 1 ಓಮ್ ರೆಸಿಸ್ಟರಿನ ಮೇಲೆ ಹೊರಡುವ ಪ್ರವಾಹದ ಪೂರ್ಣ ಚಿತ್ರ ಕಾಣಬಹುದು. ರೆಸಿಸ್ಟರ್ ನೆಗೆಟಿವ್ ವೈರಿನಲ್ಲಿ ಇರಬೇಕು, ಪ್ರೋಬಿನ ಗ್ರೌಂಡ್ ಕ್ಲಿಪ್ ಸಪ್ಲೈನ ನೆಗೆಟಿವ್ ಕಡೆಯ ತುದಿಗೆ ಬರಬೇಕು. ಸ್ಕೋಪಿನ ಗ್ರೌಂಡ್ ಕ್ಲಿಪ್ ಮನೆಯ ಅರ್ತಿಂಗಿಗೆ ಸೇರಿಕೊಂಡಿರುವುದರಿಂದ, ಸಪ್ಲೈನ ನೆಗೆಟಿವ್ ಕೂಡ ಅರ್ತ್ ಆಗಿದ್ದರೆ ಪಾಸಿಟಿವ್ ವೈರಿಗೆ ಕ್ಲಿಪ್ ತಾಗಿಸುವುದು ಶಾರ್ಟ್ ಮಾಡಿದಂತೆಯೇ. ಸ್ವಿಚ್ ಹಾಕಿದ ಕ್ಷಣದಲ್ಲಿ ಸೂಜಿಯಂತೆ ಏಳುವ ಮೊದಲ ಗೆರೆ ಫ್ಯಾನಿನ ಬೋರ್ಡಿನಲ್ಲಿ ಕೆಪಾಸಿಟರ್ ಇದ್ದರೆ ಅದು ತುಂಬುವುದರಿಂದ ಬಂದದ್ದು. ಮೋಟಾರಿನದು ಅದರ ನಂತರ ಬಂದು ನಿಧಾನವಾಗಿ ಇಳಿಯುವ ದಿಬ್ಬ.

ಅಂಕಿಯ ಜೊತೆಗೆ ಬರೆದಿಡಬೇಕಾದದ್ದು

ಯಾವ ವಿಧಾನವನ್ನೇ ಆರಿಸಿಕೊಂಡರೂ ಆ ಹೊತ್ತಿನ ವೋಲ್ಟೇಜನ್ನು ಫ್ಯಾನಿನ ತುದಿಯಲ್ಲಿಯೇ ಅಳೆದು ಪಕ್ಕದಲ್ಲಿ ಬರೆಯದಿದ್ದರೆ ಆ ಅಂಕಿಗೆ ಅರ್ಥವಿರುವುದಿಲ್ಲ. ಚಾರ್ಜಿನಲ್ಲಿರುವ 12 ವೋಲ್ಟ್ ಬ್ಯಾಟರಿ 13.7 ವೋಲ್ಟ್ ಕೊಡುತ್ತಿರುತ್ತದೆ, ಕರೆಂಟು ಹೋಗಿ ಗಂಟೆಗಳಾದ ಮೇಲೆ ಅದೇ 12ಕ್ಕೆ ಇಳಿದಿರುತ್ತದೆ. ಫ್ಯಾನಿನ ವೇಗವೂ ಪ್ರವಾಹವೂ ವೋಲ್ಟೇಜಿನ ಜೊತೆ ಬದಲಾಗುತ್ತವೆ. ಫ್ಯಾನನ್ನು ಮೇಜಿನ ಮೇಲಿಟ್ಟು ಅಳೆದದ್ದಕ್ಕೂ ಪೆಟ್ಟಿಗೆಯೊಳಗೆ ಜಾಲರಿಯ ಹಿಂದೆ ಕೂರಿಸಿ ಅಳೆದದ್ದಕ್ಕೂ ವ್ಯತ್ಯಾಸ ಬರುತ್ತದೆ. ಬಸವನಹುಳುವಿನ ಆಕಾರದ ಬ್ಲೋವರಿನಲ್ಲಿ ಗಾಳಿಯ ಬಾಯಿ ಮುಚ್ಚಿದರೆ ಪ್ರವಾಹ ಕಡಿಮೆಯಾಗುತ್ತದೆ, ಏಕೆಂದರೆ ಅದಕ್ಕೆ ತಳ್ಳಲು ಗಾಳಿಯೇ ಇರುವುದಿಲ್ಲ. ಆದ್ದರಿಂದ ಪ್ರವಾಹ ಕಡಿಮೆ ಇದೆ ಎಂದ ಮಾತ್ರಕ್ಕೆ ಎಲ್ಲವೂ ಸರಿಯಿದೆ ಎಂದು ತಿಳಿಯಬಾರದು.

230 ವೋಲ್ಟಿನ ಎಸಿ ಕೂಲಿಂಗ್ ಫ್ಯಾನುಗಳಿಗೆ ಮೇಲಿನ ರೆಸಿಸ್ಟರ್ ವಿಧಾನವನ್ನು ಬಳಸಲೇಬಾರದು. ಪ್ರೋಬಿನ ಮೊನೆಯೇ ಮೇನ್ಸ್ ವಿದ್ಯುತ್ತಿನಲ್ಲಿ ಇರುತ್ತದೆ. ಸಾಕೆಟ್ಟಿಗೆ ಸಿಕ್ಕಿಸುವ ಪವರ್ ಮೀಟರ್ ವ್ಯಾಟ್, ಆಂಪಿಯರ್, ಪವರ್ ಫ್ಯಾಕ್ಟರ್ ಮೂರನ್ನೂ ತೋರಿಸುತ್ತದೆ. ಎಸಿ ಮೋಟಾರಿನಲ್ಲಿ ವೋಲ್ಟೇಜ್ ಮತ್ತು ಪ್ರವಾಹದ ಗುಣಲಬ್ಧ ವ್ಯಾಟಿಗಿಂತ ಹೆಚ್ಚೇ ಬರುವುದರಿಂದ, ಚೆಸ್ಕಾಂ ಬಿಲ್ಲಿನ ಯೂನಿಟ್ ಲೆಕ್ಕಕ್ಕೆ ಆ ಮೀಟರಿನ ವ್ಯಾಟ್ ಅಂಕಿಯನ್ನೇ ತೆಗೆದುಕೊಳ್ಳಬೇಕು.